ಸೊಂಟನೋವಿನ ಭಯ ಅಳೆಯುವ ಮುಂಚೆ ಮೊಸರಿನ ಪ್ರಶ್ನೆ

ಸೊಂಟನೋವು ಶುರುವಾಗಿ ಮೂರು ತಿಂಗಳು ದಾಟಿದವರನ್ನು ‘ನೋವು ಎಷ್ಟಿದೆ?’ ಎಂದು ಕೇಳಿದರೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿಬಿಡುತ್ತಾರೆ. ‘ಬಗ್ಗಿದರೆ ಏನಾಗುತ್ತೆ ಅನ್ಸುತ್ತೆ?’ ಎಂದರೆ ಬೇರೆಯೇ ಮಾತು ಬರುತ್ತದೆ: ‘ಡಿಸ್ಕ್ ಜರುಗಿದೆಯಂತೆ, ನರ ಒತ್ತಿದ್ರೆ ಕಾಲೇ ಹೋಗುತ್ತಂತೆ.’ ವ್ಯಾಯಾಮ ಮನೆಯಲ್ಲಿ ಯಾಕೆ ನಡೆಯುತ್ತಿಲ್ಲ ಎಂಬುದಕ್ಕೆ ಉತ್ತರ ಹೆಚ್ಚಾಗಿ ಅಲ್ಲಿರುತ್ತದೆ.

ಮೂತ್ರ ಕಟ್ಟುವುದು, ಕೂರುವ ಜಾಗ ಮರಗಟ್ಟುವುದು, ಕಾಲಿನ ಬಲ ದಿನೇ ದಿನೇ ಕುಗ್ಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ಇವುಗಳಲ್ಲಿ ಒಂದಿದ್ದರೂ ಭಯ ಅಳೆಯುವ ಪ್ರಶ್ನಾವಳಿ ಪಕ್ಕಕ್ಕಿಟ್ಟು ವೈದ್ಯರ ಬಳಿ ಕಳಿಸುತ್ತೇನೆ. ಆ ಭಯ ಅಳೆಯಬೇಕಾದದ್ದಲ್ಲ.

ಉಳಿದವರ ಭಯ ಅಳೆಯಲು ನಾನು ಬಳಸುವುದು ಎರಡು ಪ್ರಶ್ನಾವಳಿ. 1993ರಲ್ಲಿ ವಾಡೆಲ್ ಮತ್ತು ಸಂಗಡಿಗರು ಪ್ರಕಟಿಸಿದ, ನೋವಿಗೆ ಹೆದರಿ ಚಟುವಟಿಕೆ ತಪ್ಪಿಸುವ ನಂಬಿಕೆಗಳನ್ನು ಅಳೆಯುವ ಎಫ್‌ಎಬಿಕ್ಯುನಲ್ಲಿ 16 ಹೇಳಿಕೆಗಳಿವೆ, ಪ್ರತಿಯೊಂದಕ್ಕೂ 0ಯಿಂದ 6. ಹದಿನಾರನ್ನೂ ಕೂಡಿಸಿಬಿಡುವುದು ಹೊಸಬರ ಮಾಮೂಲಿ ತಪ್ಪು. ದೈಹಿಕ ಚಟುವಟಿಕೆಯ ಭಾಗಕ್ಕೆ 2, 3, 4, 5ನೆಯವು ಮಾತ್ರ, ಗರಿಷ್ಠ 24. ಉದ್ಯೋಗದ ಭಾಗಕ್ಕೆ 6, 7, 9, 10, 11, 12, 15, ಗರಿಷ್ಠ 42. ಉಳಿದ ಐದು ಲೆಕ್ಕಕ್ಕಿಲ್ಲ. ಎರಡನೆಯದು, ಚಲನೆಯ ಭಯ ಅಳೆಯುವ ಟ್ಯಾಂಪಾ ಸ್ಕೇಲ್: 17 ಹೇಳಿಕೆ, 1ರಿಂದ 4, ಒಟ್ಟು 17ರಿಂದ 68. ಇದರಲ್ಲಿ 4, 8, 12, 16ನೆಯವು ತಿರುವು ಹೇಳಿಕೆಗಳು (ಒಪ್ಪಿದಷ್ಟೂ ಭಯ ಕಡಿಮೆ), ಬಂದ ಅಂಕವನ್ನು 5ರಿಂದ ಕಳೆದು ಬರೆಯಬೇಕು. ಮರೆತರೆ ತುಂಬಾ ಹೆದರಿದವರ ಸ್ಕೋರ್ 12ರವರೆಗೆ ಕಡಿಮೆ ಬಂದು, 37ಕ್ಕಿಂತ ಮೇಲಾದರೆ ಭಯ ಹೆಚ್ಚು ಎನ್ನುವ ಗಡಿಯ ಕೆಳಗೆ ಕೂತುಬಿಡಬಹುದು.

ಓದಿ ಹೇಳುವಾಗ ಈ ನಾಲ್ಕೇ ಕೈಕೊಡುವುದು. ‘ನೋವು ಹೆಚ್ಚಾದ ಮಾತ್ರಕ್ಕೆ ಅಪಾಯ ಅಂತಲ್ಲ’ ಎಂಬ ಧಾಟಿಯ ಮಾತಿಗೆ ‘ಒಪ್ಪಲ್ಲ’ ಎಂದರೆ ಇಲ್ಲದ ಮೇಲೆ ಇಲ್ಲ ಸೇರಿ ಗೊಂದಲ. ಎಲ್ಲದಕ್ಕೂ ‘ಹೂಂ’ ಎನ್ನುತ್ತಿದ್ದಾರೆ ಅನಿಸಿದರೆ ಟ್ಯಾಂಪಾದ ಚಿಕ್ಕ ರೂಪವಾದ ಟಿಎಸ್‌ಕೆ-11ಕ್ಕೆ ಹೋಗುತ್ತೇನೆ. ಅದರಲ್ಲಿ ತಿರುವು ಹೇಳಿಕೆಗಳೇ ಇಲ್ಲ, ಒಟ್ಟು 11ರಿಂದ 44. ಎರಡರ ಸ್ಕೋರನ್ನು ಅಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಬೇರೆ. ಎಷ್ಟು ನಂಬುತ್ತೀರಿ ಎಂದು ಕೇಳಿದರೆ ಎಷ್ಟು ನೋಯುತ್ತದೆ ಎಂಬುದನ್ನು ಹೇಳುತ್ತಾರೆ. ಅದಕ್ಕೆ ಮೊದಲು ಬೆನ್ನಿಗೆ ಸಂಬಂಧವಿಲ್ಲದ ಒಂದು ಮಾತು: ‘ರಾತ್ರಿ ಮೊಸರು ತಿಂದರೆ ಶೀತ ಆಗುತ್ತೆ.’ ಹಾಳೆಯ ಮೇಲೆ ಏಳು ಮೆಟ್ಟಿಲು ಬರೆದು, ಕೆಳಗಿನದು ‘ಸುತಾರಾಂ ಒಪ್ಪಲ್ಲ’, ಮೇಲಿನದು ‘ಪೂರ್ತಿ ಒಪ್ತೀನಿ’ ಎಂದು ತೋರಿಸಿ ಬೆರಳಿಡಲು ಹೇಳುತ್ತೇನೆ. ಮೂರನೆಯ ಮೆಟ್ಟಿಲಲ್ಲಿ ಬೆರಳಿಟ್ಟು ‘ಮಳೆಗಾಲದಲ್ಲಾದರೆ ಹೌದು’ ಎಂದರೆ ಅಳತೆ ಅರ್ಥವಾಯಿತು ಎಂದು ಲೆಕ್ಕ. ಆಮೇಲೇ ಸೊಂಟದ ಪ್ರಶ್ನೆ.

‘ಕೆಲಸ’ ಎಂಬ ಪದವೂ ಜಾರುತ್ತದೆ. ಮನೆವಾರ್ತೆ ನೋಡಿಕೊಳ್ಳುವವರು ಅದನ್ನು ಪಾತ್ರೆ, ಬಟ್ಟೆ ಎಂದುಕೊಂಡು ಉದ್ಯೋಗದ ಭಾಗಕ್ಕೂ ಅಂಕ ಕೊಡುತ್ತಾರೆ. ಸಂಬಳದ ಕೆಲಸ ಇಲ್ಲದವರಿಗೆ ಆ ಭಾಗವನ್ನು ಖಾಲಿ ಬಿಟ್ಟು ‘ಅನ್ವಯಿಸದು’ ಎಂದು ಬರೆಯುತ್ತೇನೆ, ಸೊನ್ನೆ ಹಾಕುವುದಿಲ್ಲ. ಕನ್ನಡದ ಮಾತುಗಳನ್ನು ಮೊದಲೇ ಬರೆದಿಟ್ಟುಕೊಂಡು ಪ್ರತಿ ಸಲವೂ ಅದನ್ನೇ ಓದಬೇಕು. ಬಾಯಿಗೆ ಬಂದಂತೆ ಅನುವಾದಿಸಿದರೆ ಆರು ವಾರದ ನಂತರ ಬದಲಾದದ್ದು ರೋಗಿಯೋ ಪ್ರಶ್ನೆಯೋ ತಿಳಿಯದು. ಜೊತೆಗೆ ಬಂದವರನ್ನು ಹತ್ತು ನಿಮಿಷ ಹೊರಗೆ ಕೂರಿಸುವುದು ಮೇಲು, ಇಲ್ಲದಿದ್ದರೆ ಉತ್ತರ ಮಗನದಾಗಿರುತ್ತದೆ. ಎಂಆರ್‌ಐ ವಿವರಿಸುವುದೂ ಇದೆಲ್ಲ ಮುಗಿದ ಮೇಲೆ. ಮೊದಲೇ ಧೈರ್ಯ ಹೇಳಿದರೆ ನಮ್ಮ ಮನಸ್ಸು ನೋಯದಂಥ ಅಂಕ ಕೊಡುತ್ತಾರೆ.

ಸ್ಕೋರ್ ಭಯ ಇದೆ ಎನ್ನುತ್ತದೆ, ಯಾವುದರ ಭಯ ಎನ್ನುವುದಿಲ್ಲ. ಅದಕ್ಕೆ ಫೋಟೊಗಳು ಬೇಕು. ಡಚ್ಚರ ಫೋಡಾ ಎಂಬ ಚಿತ್ರಮಾಲೆಯಲ್ಲಿ ದಿನನಿತ್ಯದ ಚಟುವಟಿಕೆಗಳ ಚಿತ್ರ ನೋಡಿ 0ಯಿಂದ 100ರವರೆಗೆ ಹಾನಿಯ ಅಂದಾಜು ಕೊಡಬೇಕು. ಅದೇ ದಾರಿಯಲ್ಲಿ ನಮ್ಮ ಕಡೆಯ ಚಟುವಟಿಕೆಗಳಿಗೆ ನಾನು ಚಿತ್ರ ಸೇರಿಸಿಕೊಂಡಿದ್ದೇನೆ: ಬಗ್ಗಿ ಕಸ ಗುಡಿಸುವುದು, ಕುಕ್ಕರಗಾಲಲ್ಲಿ ಕೂರುವುದು, ಕೊಡ ಎತ್ತುವುದು, ಸ್ಕೂಟರಿನ ಹಿಂಬದಿ ಕೂತು ಹಂಪ್ ದಾಟುವುದು, 20 ಲೀಟರಿನ ನೀರಿನ ಕ್ಯಾನ್. ಇದು ನನ್ನ ಪಟ್ಟಿ, ಪರೀಕ್ಷಿತ ಅಳತೆಯಲ್ಲ. ಅದರ ಅಂಕವನ್ನು ಗಡಿಯಂತೆ ಬಳಸದೆ, ಚಿಕಿತ್ಸೆಯಲ್ಲಿ ಯಾವುದನ್ನು ಮೊದಲು ಮಾಡಿಸಬೇಕು ಎಂಬ ಕ್ರಮಕ್ಕಷ್ಟೇ ಇಟ್ಟುಕೊಳ್ಳುತ್ತೇನೆ.

ಮಾಡಿಸುವಾಗ ಏನಾಗಬಹುದೆಂದು ಮುಂಚೆ ಬರೆಸುತ್ತೇನೆ, ಮುಗಿದ ಮೇಲೆ ಏನಾಯಿತೆಂದು ಬರೆಸುತ್ತೇನೆ. ಕ್ಯಾನಿಗೆ 90 ಕೊಟ್ಟವರು ಕೆಲವು ವಾರದಲ್ಲಿ 20ಕ್ಕೆ ಇಳಿದರೆ ಖುಷಿಪಡುವ ಮುಂಚೆ ಸೊಂಟ ನೋಡಬೇಕು. ಬೆಲ್ಟ್ ಬಿಗಿದು ಉಸಿರು ಕಟ್ಟಿ ಎತ್ತುತ್ತಿದ್ದರೆ ಆ 20 ಬೆಲ್ಟಿನದು. ಅದಕ್ಕೇ ಹಾಳೆಯಲ್ಲಿ ಎರಡು ಕಾಲಂ: ಬೆಲ್ಟ್ ಹಾಕಿ ಎಷ್ಟು, ಬಿಚ್ಚಿಟ್ಟು ಎಷ್ಟು.