ಕೊಟ್ಟಿಗೆ ಇಲ್ಲದ ಚಳಿಗಾಲ: ಲಿಂಗ್ ದನಗಳ ಜೊತೆ ನನ್ನ ಅನುಭವ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಓಬನ್ ಪಟ್ಟಣದ ದಕ್ಷಿಣಕ್ಕಿರುವ ಗುಡ್ಡಗಳಲ್ಲಿ ನಾನು ದನ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ನಮ್ಮಲ್ಲಿರುವುದು ಲಿಂಗ್ ತಳಿ. ಮಾಂಸಕ್ಕಾಗಿ ಸಾಕುವ ದನ. ಹತ್ತಿರದ ಪುಟ್ಟ ಲಿಂಗ್ ದ್ವೀಪವೇ ಇವುಗಳ ತವರು, ಹೆಸರೂ ಅಲ್ಲಿಂದಲೇ ಬಂತು. ಮಲೆನಾಡಿನ ನಮ್ಮ ಮನೆಯವರು ಫೋನಿನಲ್ಲಿ ಪ್ರತಿಸಲ ಕೇಳುವುದು ಒಂದೇ: "ಆ ಚಳೀಲಿ ಕೊಟ್ಟಿಗೆ ಇಲ್ದೆ ಹೆಂಗೆ ಸಾಕ್ತೀಯ ಮಾರಾಯ?"

ಈ ತಳಿಯನ್ನು ಮಾಡಿದ್ದೇ ಅದಕ್ಕಾಗಿ. 1947ರಲ್ಲಿ ಕ್ಯಾಡ್ಜೋ ಸಹೋದರರು ಲಿಂಗ್ ದ್ವೀಪದಲ್ಲಿ ಈ ಕೆಲಸ ಶುರು ಮಾಡಿದರು. ಮಳೆ, ಗಾಳಿ, ಒರಟು ಹುಲ್ಲು ಎಲ್ಲವನ್ನೂ ತಾಳುವ ಹೈಲ್ಯಾಂಡ್ ಹಸುವಿನ ಗಟ್ಟಿತನ ಅವರಿಗೆ ಬೇಕಿತ್ತು. ಜೊತೆಗೆ ಶಾರ್ಟ್‌ಹಾರ್ನ್ ತಳಿಯ ಹಾಲು, ಮೈತುಂಬು, ಸಾಧು ಗುಣವೂ ಬೇಕಿತ್ತು. ಎರಡನ್ನೂ ಬೆರೆಸಿ, ಆ ಹಿಂಡಿನೊಳಗೇ ಆರಿಸುತ್ತಾ ಹೋದರು. 1965ರಲ್ಲಿ ಬ್ರಿಟಿಷ್ ಸರ್ಕಾರ ಇದನ್ನು ಪ್ರತ್ಯೇಕ ತಳಿ ಎಂದು ಒಪ್ಪಿತು. ಮಳೆಗಾಲದಲ್ಲೂ ಕಾಡಿಗೆ ಹೋಗಿ ಮೇಯ್ದು ಬರುವ ಮಲೆನಾಡು ಗಿಡ್ಡವನ್ನು ನೋಡಿ ಬೆಳೆದವನಿಗೆ ಇವುಗಳ ಸ್ವಭಾವ ಬೇಗ ಹಿಡಿಸಿತು. ಗಾತ್ರ ಮಾತ್ರ ಬಹಳ ದೊಡ್ಡದು.

ಆದರೆ ಗಟ್ಟಿ ತಳಿ ಅಂದರೆ ಗುಡ್ಡಕ್ಕೆ ಬಿಟ್ಟು ಸುಮ್ನೆ ಕೂರಬಹುದು ಅಂತಲ್ಲ. ನನ್ನ ಪ್ರಕಾರ ಚಳಿಗಾಲದ ಮುಖ್ಯ ಕೆಲಸವೆಲ್ಲ ಚಳಿ ಬರುವ ಮೊದಲೇ ಆಗಿಬಿಡಬೇಕು. ಅಕ್ಟೋಬರ್ ಹೊತ್ತಿಗೆ ಕರುಗಳಿಗೆ ಹಾಲು ಬಿಡಿಸುತ್ತೇನೆ. ಆಗ ಪ್ರತಿ ಹಸುವಿನ ಸೊಂಟದ ಮೇಲೆ, ಬಾಲದ ಬುಡದಲ್ಲಿ ಕೈಯಿಟ್ಟು ನೋಡುತ್ತೇನೆ. ಬರೀ ಕಣ್ಣನ್ನು ನಂಬುವ ಹಾಗಿಲ್ಲ, ಉದ್ದ ಕೂದಲು ಬಡಕಲು ಮೈಯನ್ನೂ ಮುಚ್ಚಿಡುತ್ತದೆ. ಮೈಕಟ್ಟಿಗೆ 1ರಿಂದ (ತೀರಾ ಬಡಕಲು) 5ರವರೆಗೆ (ತೀರಾ ಕೊಬ್ಬು) ಅಂಕ ಕೊಡುವ ಪದ್ಧತಿ ಇಲ್ಲಿದೆ. ಚಳಿಗಾಲಕ್ಕೆ ಇಳಿಯುವಾಗ 3 ಇರಬೇಕು, ಈಯುವ ಹೊತ್ತಿಗೆ ಎರಡೂವರೆ ಸಾಕು. ಕೊಬ್ಬು ಜಾಸ್ತಿಯಾದರೆ ಈಯುವಾಗ ಕಷ್ಟ. ಬಡಕಲಾದರೆ ಮುಂದೆ ಬೆದೆಗೆ ಬರುವುದು ತಡವಾಗುತ್ತದೆ. ಅಂಕ ಕಡಿಮೆ ಇರುವ ಹಸುಗಳನ್ನೂ ಚೊಚ್ಚಲ ಕರು ಹಾಕಿದವನ್ನೂ ಬೇರೆ ಗುಂಪು ಮಾಡಿ ಒಳ್ಳೆಯ ಸೈಲೇಜ್ (ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಹಸಿ ಹುಲ್ಲು) ಹಾಕುತ್ತೇನೆ.

ಜೌಗು ನೆಲ ಇರುವಲ್ಲಿ ಲಿವರ್ ಫ್ಲೂಕ್ ಇದ್ದೇ ಇರುತ್ತದೆ. ಚಿಕ್ಕ ಬಸವನಹುಳುವಿನ ಮೂಲಕ ಹರಡುವ ಈ ಜಂತು ಎಷ್ಟು ಮೇವು ಹಾಕಿದರೂ ಹಸುವನ್ನು ಸೊರಗಿಸುತ್ತದೆ. ಸಗಣಿ ಪರೀಕ್ಷೆ ಮಾಡಿಸಿ, ಪಶುವೈದ್ಯರನ್ನು ಕೇಳಿ ಔಷಧಿ ಕೊಡುತ್ತೇನೆ. ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ದಂಡ.

ಒಣ ಹಿಮ ಇವಕ್ಕೆ ಲೆಕ್ಕಕ್ಕೇ ಇಲ್ಲ. ಬೆನ್ನ ಮೇಲೆ ಬಿದ್ದ ಹಿಮ ಎಷ್ಟೋ ಹೊತ್ತು ಕರಗದೆ ಹಾಗೇ ಇರುತ್ತದೆ, ಮೈ ಬಿಸಿ ಹೊರಗೆ ಬರುತ್ತಿಲ್ಲ ಅಂತ ಅರ್ಥ. ಕಾಡುವುದು ಮಳೆ ಮತ್ತು ಗಾಳಿ ಕೂಡಿ ಬಂದಾಗ. ಕೂದಲು ಒದ್ದೆಯಾದರೆ ಬಿಸಿ ನಿಲ್ಲುವುದಿಲ್ಲ. ಹಾಗಾಗಿ ಚಳಿಗಾಲಕ್ಕೆ ನಾನು ಆರಿಸುವ ಜಾಗದಲ್ಲಿ ಗಾಳಿಗೆ ಮರೆಯಾಗಿ ಕಲ್ಲಿನ ಗೋಡೆಯೋ ಮರಗಳ ತೋಪೋ ಇರಲೇಬೇಕು. ಕಾಲ ಕೆಳಗೆ ಗಟ್ಟಿ ನೆಲ ಇರಬೇಕು. ಬಿರುಗಾಳಿಯ ಮುನ್ಸೂಚನೆ ಬಂದರೆ ಹಿಂದಿನ ದಿನವೇ ಸೈಲೇಜ್ ಜಾಸ್ತಿ ಹಾಕುತ್ತೇನೆ. ನಾರಿನ ಮೇವು ಹೊಟ್ಟೆಯಲ್ಲಿ ಜೀರ್ಣವಾಗುವಾಗ ಹುಟ್ಟುವ ಬಿಸಿಯೇ ಹಸುವನ್ನು ಕಾಯುತ್ತದೆ.

ಏಪ್ರಿಲ್, ಮೇ ಬಂತೆಂದರೆ ಈಯುವ ಕಾಲ. ಹಸು ಹಿಂಡು ಬಿಟ್ಟು ದೂರ ಹೋಗುತ್ತದೆ. ನಾನು ಹಿಂದೆ ಹೋಗುವುದಿಲ್ಲ, ದುರ್ಬೀನಿನಲ್ಲಿ ನೋಡುತ್ತೇನೆ. ಹತ್ತಿರ ಹೋದರೆ ಎದ್ದು ಜಾಗ ಬದಲಿಸುತ್ತದೆ, ಈಯುವುದು ತಡವಾಗುತ್ತದೆ. ಕರು ಎದ್ದು ನಿಂತು ಗಿಣ್ಣು ಹಾಲು ಕುಡಿದರೆ ನನ್ನ ಅರ್ಧ ಚಿಂತೆ ಕಳೆಯಿತು. 20 ದಿನದೊಳಗೆ ಕಿವಿಗೆ ಗುರುತಿನ ಓಲೆ ಹಾಕಬೇಕು ಅನ್ನುವುದು ಇಲ್ಲಿನ ಕಾನೂನು. ನಾನು ಆದಷ್ಟು ಬೇಗ ಮುಗಿಸುತ್ತೇನೆ, ಆಮೇಲೆ ಕರುವನ್ನು ಹಿಡಿಯುವುದು ಯಾರಿಂದಲೂ ಆಗದು. ಓಲೆ ಹಾಕುವಾಗಲೇ ಬಿವಿಡಿ ಅನ್ನುವ, ದನಗಳಲ್ಲಿ ಹರಡುವ ವೈರಸ್ ರೋಗದ ಪರೀಕ್ಷೆಗೆ ಕಿವಿಯ ಚೂರೂ ಸಿಗುತ್ತದೆ. ಲಿಂಗ್ ಹಸು ಸಾಧು ನಿಜ. ಆದರೂ ಬಾಣಂತಿ ಹಸು ಅಲ್ವಾ? ಗಾಡಿಯನ್ನು ನಡುವೆ ನಿಲ್ಲಿಸಿಕೊಂಡೇ ಕರು ಮುಟ್ಟುತ್ತೇನೆ.

ಎಳೆ ಹುಲ್ಲು ಚಿಗುರುವ ಹೊತ್ತು ಇನ್ನೊಂದು ಅಪಾಯ. ಆ ಹುಲ್ಲಿನಲ್ಲಿ ಮೆಗ್ನೀಸಿಯಂ ಕಡಿಮೆ. ಹಾಲು ಕೊಡುವ ಹಸು ನಿನ್ನೆ ಚೆನ್ನಾಗಿದ್ದು ಇವತ್ತು ನಡುಗಿ ಬಿದ್ದು ಸಾಯಬಹುದು. ಮೆಗ್ನೀಸಿಯಂ ಇರುವ ನೆಕ್ಕುವ ಬಕೆಟ್‌ಗಳನ್ನು ಅದಕ್ಕೂ ಮೊದಲೇ ಇಟ್ಟಿರುತ್ತೇನೆ.

ಇಷ್ಟೆಲ್ಲ ಮಾಡಿದರೂ ಹಿಂಡಿನ ಗಟ್ಟಿತನ ಉಳಿಯುವುದು ಆರಿಸುವುದರಲ್ಲೇ. ನಾನು ಬಣ್ಣ ನೋಡಿ ಕಡಸು ಇಟ್ಟುಕೊಳ್ಳುವುದಿಲ್ಲ. ಕೆಂಪು, ಬಿಳಿ, ಮಚ್ಚೆ, ಯಾವುದಾದರೂ ಸರಿ. ತಾಯಿ ವರ್ಷಕ್ಕೊಂದು ಕರು ಯಾರ ಸಹಾಯವಿಲ್ಲದೆ ಹಾಕಿದೆಯಾ, ಗೊರಸು ಚೆನ್ನಾಗಿದೆಯಾ, ಕೆಚ್ಚಲು ಜೋತುಬಿದ್ದಿಲ್ಲವಾ, ಗುಣ ಹೇಗೆ, ಇಷ್ಟನ್ನು ನೋಡುತ್ತೇನೆ. ಒಂದು ವರ್ಷ ಗಬ್ಬ ನಿಲ್ಲದ ಹಸುವನ್ನು, ಎಷ್ಟೇ ಪ್ರೀತಿಯದಾದರೂ, ಹಿಂಡಿನಿಂದ ತೆಗೆಯುತ್ತೇನೆ. ಆ ದಿನ ಮನಸ್ಸಿಗೆ ಕಷ್ಟವಾಗುತ್ತದೆ. ಆದರೆ ಅದರ ಮಗಳನ್ನು ಉಳಿಸಿಕೊಂಡು ಮುಂದಿನ ಚಳಿಗೆ ಗುಡ್ಡದ ಮೇಲೆ ಬಿಡುವ ಧೈರ್ಯ ನನಗಿಲ್ಲ.