ನಮ್ಮ ಶಾಲೆಯಲ್ಲಿ ಕಾಡಿಸುವುದು ಕಡಿಮೆಯಾಗಿದ್ದು ಹೇಗೆ: ಪಿಟಿ ಮೇಷ್ಟ್ರೊಬ್ಬರ ಅನುಭವ

"ಹುಡುಗ್ರಂದ್ರೆ ಹಂಗೇ ಬಿಡ್ರಿ ಸಾರ್. ನಮ್ಮನ್ನೂ ಕಾಡ್ಸಿದ್ರು, ನಾವೇನು ಸತ್ತೋದ್ವಾ?"

ಮೂರು ವರ್ಷದ ಹಿಂದೆ ತಾಲ್ಲೂಕು ಕ್ರೀಡಾಕೂಟದ ಪೆಂಡಾಲ್‌ನಲ್ಲಿ ನಮ್ಮ ಪಿಟಿ ಮೇಷ್ಟ್ರುಗಳೇ ನನಗೆ ಹೇಳಿದ ಮಾತು ಇದು. ಹೋದ ತಿಂಗಳು ಅವರಲ್ಲೇ ಇಬ್ಬರು ಫೋನ್ ಮಾಡಿದರು. "ನೀವು ಅದೇನು ಮಾಡಿದ್ರಿ, ಸ್ವಲ್ಪ ಬರೆದು ಕಳಿಸಿ" ಅಂದರು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಜಗಳೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ. ಹೆಚ್ಚುಕಮ್ಮಿ 230 ಮಕ್ಕಳು. ಏಳೆಂಟು ಹಳ್ಳಿ, ಎರಡು ಹಟ್ಟಿ, ಒಂದು ತಾಂಡಾದಿಂದ ಬರುತ್ತಾರೆ. ಅರ್ಧಕ್ಕರ್ಧ ಬಸ್ಸಿನ ಮಕ್ಕಳು. ಎಂಟರಿಂದ ಹತ್ತನೇ ತರಗತಿ ಮುಗಿಯುವುದರೊಳಗೆ ಪ್ರತಿವರ್ಷ ಆರೇಳು ಮಕ್ಕಳು ಬಿಟ್ಟು ಹೋಗುತ್ತಿದ್ದರು. "ಬಡತನ" ಅಂತ ಬರೆದು ಕಡತ ಮುಚ್ಚುತ್ತಿದ್ದೆವು.

ನನ್ನ ಕಣ್ಣು ತೆರೆಸಿದವನು ಒಬ್ಬ ಉಗ್ಗುವ ಹುಡುಗ. ಹಾಜರಿ ಕೂಗುವಾಗ "ಪ್ರೆಸೆಂಟ್ ಸಾರ್" ಅನ್ನೋಕೆ ಅವನಿಗೆ ಹೊತ್ತಾಗುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ "ಪ ಪ ಪ" ಅನ್ನುತ್ತಿದ್ದರು. ಇಡೀ ತರಗತಿ ನಗುತ್ತಿತ್ತು. ಒಂದೆರಡು ಸಲ ನಾನೂ ನಕ್ಕಿದ್ದೇನೆ. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ. ಒಂಬತ್ತನೇ ತರಗತಿಯ ದಸರಾ ರಜೆ ಮುಗಿದ ಮೇಲೆ ಅವನು ಬರಲೇ ಇಲ್ಲ. ಎರಡು ವರ್ಷ ಬಿಟ್ಟು ದಾವಣಗೆರೆಯಲ್ಲಿ ಒಂದು ಮಂಡಕ್ಕಿ ಭಟ್ಟಿಯ ಮುಂದೆ ಸಿಕ್ಕ. ಹೊಗೆ, ಬಿಸಿ, ಬೆವರು. "ಯಾಕೋ ಶಾಲೆ ಬಿಟ್ಟೆ?" ಅಂದೆ. ಸುಮಾರು ಹೊತ್ತು ತಗೊಂಡು ಹೇಳಿದ: "ಇಲ್ಲಿ ಯಾರೂ ಮಾತಾಡ್ಸಲ್ಲ ಸಾರ್. ಆರಾಮಿದೀನಿ."

ಅವನ ಮನೆಯಲ್ಲಿ ಎರಡು ಎಕರೆ ಮೆಕ್ಕೆಜೋಳ ಇತ್ತು. ಅಪ್ಪ ಓದಿಸೋಕೆ ತಯಾರಿದ್ದ. ನಮ್ಮ ಕಡತದಲ್ಲಿ ಮಾತ್ರ "ಬಡತನ".

ಮೊದಲು ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ. ನೀವೂ ಅದೇ ತಪ್ಪಿಗೆ ದುಡ್ಡು ಹಾಕಬೇಡಿ.

ದೂರು ಪೆಟ್ಟಿಗೆ. ವೆಲ್ಡಿಂಗ್ ಅಂಗಡಿಯಲ್ಲಿ 450 ರೂಪಾಯಿ ಕೊಟ್ಟು ಮಾಡಿಸಿ, ಆಫೀಸ್ ರೂಮಿನ ಪಕ್ಕ ನೇತುಹಾಕಿದೆ. ಚೀಟಿ ಹಾಕುವವರು ಯಾರು ಅಂತ ನೋಡೋಕೇ ಎರಡು ಹುಡುಗರು ಎದುರಿನ ಕಟ್ಟೆ ಮೇಲೆ ಕೂರಲು ಶುರು ಮಾಡಿದರು. ಚೀಟಿ ಎಲ್ಲೋ ಹೊರಗೆ ಬಿದ್ದರೂ ಸಾಕು, ಅಕ್ಷರ ನೋಡಿ ಯಾರದ್ದು ಅಂತ ಹೇಳಿಬಿಡುತ್ತಿದ್ದರು. ಮೂರು ತಿಂಗಳಲ್ಲಿ ಹನ್ನೊಂದೋ ಹನ್ನೆರಡೋ ಚೀಟಿ ಬಂದವು. ಅದರಲ್ಲಿ ಎಂಟು ಸಾಂಬಾರ್ ನೀರು ನೀರು ಅಂತ.

ಆಮೇಲೆ ಪ್ರಾರ್ಥನೆಯಲ್ಲಿ ನಿಲ್ಲಿಸಿದ್ದು. ಹಟ್ಟಿಯಿಂದ ಬರುವ ಒಬ್ಬ ಹುಡುಗನ ಬಟ್ಟೆ ಕುರಿ ವಾಸನೆ ಅಂತ ಮೂವರು ದಿನಾ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆ ಮೂವರನ್ನು ಎಲ್ಲರೆದುರು ನಿಲ್ಲಿಸಿ, ಅವನ ಕೈ ಹಿಡಿದು ಕ್ಷಮೆ ಕೇಳಿಸಿದೆ. ನ್ಯಾಯ ಮಾಡಿದೆ ಅಂದುಕೊಂಡೆ. ಅವತ್ತು ಸಂಜೆ ಬಸ್ಸಿನಲ್ಲಿ ಅವನ ಬ್ಯಾಗು ಕಿಟಕಿಯಿಂದ ಆಚೆ ಹೋಯಿತು. ಹದಿನೈದು ದಿನ ಅವನು ಶಾಲೆಗೆ ಬರಲಿಲ್ಲ. ಅವನ ತಾಯಿ ಗೇಟಿನ ಹತ್ತಿರ ನಿಂತು ಕೇಳಿದರು: "ನೀವು ಸುಮ್ನಿದ್ದಿದ್ರೇ ಚೆನ್ನಾಗಿತ್ತಲ್ಲ ಸಾರ್?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೆಯದು ಕ್ಯಾಮೆರಾ. ಹಳೆ ವಿದ್ಯಾರ್ಥಿಗಳಿಂದ ಸುಮಾರು 26 ಸಾವಿರ ಎತ್ತಿದೆವು. ಎರಡು ಕ್ಯಾಮೆರಾ, ಒಂದು ಡಬ್ಬ, ಒಂದು ಹಳೇ ಟಿವಿ. ಕ್ಯಾಮೆರಾ ಕಾಣುವ ಕಡೆ ಕಾಡಿಸುವುದು ನಿಂತಿತು. ಮೂತ್ರಾಲಯದ ಹಿಂದೆ ಶುರುವಾಯಿತು. ಅಲ್ಲಿಗೆ ಕ್ಯಾಮೆರಾ ಹಾಕೋಕಾಗುತ್ತಾ? ಆ 26 ಸಾವಿರ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಏನೇನು ಮಾಡಬಹುದಿತ್ತು ಅಂತ ಮುಂದೆ ಹೇಳುತ್ತೇನೆ.

ದಾರಿ ಸಿಕ್ಕಿದ್ದು ಒಂದು ಓಟದಿಂದ. 400 ಮೀಟರ್ ಅಭ್ಯಾಸದಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ತಲೆ ಸುತ್ತಿ ಬಿದ್ದ. ಏನು ತಿಂದಿದ್ದೆ, ಏನು ಕುಡಿದಿದ್ದೆ ಅಂತ ಕೇಳಿದರೆ, ಬೆಳಗ್ಗೆಯಿಂದ ನೀರೇ ಕುಡಿದಿಲ್ಲ. ನೀರು ಕುಡಿದರೆ ಮೂತ್ರಾಲಯಕ್ಕೆ ಹೋಗಬೇಕು. ಅಲ್ಲಿ ಚಡ್ಡಿ ಎಳೆಯುತ್ತಾರೆ. ಜೂನ್‌ನಿಂದಲೂ ಹೀಗೇ ಅಂತೆ. ಆಮೇಲೆ ವಿಚಾರಿಸಿದರೆ ಅವನೊಬ್ಬನೇ ಅಲ್ಲ, ಇನ್ನೂ ಐದಾರು ಮಕ್ಕಳು. ಹೊಟ್ಟೆನೋವು ಅಂತ ಬರುವ ರಜೆ ಚೀಟಿಗಳನ್ನು ತೆಗೆದು ತಾರೀಖು ನೋಡಿದೆ. ಜಾಸ್ತಿ ಬಂದಿದ್ದು ಆಟದ ಪಿರಿಯಡ್ ಇರುವ ದಿನವೇ. ನನ್ನದೇ ಪಿರಿಯಡ್.

ಅವತ್ತೇ ಶಾಲೆಯ ನಕಾಶೆ ಬರೆದು ಜೆರಾಕ್ಸ್ ಮಾಡಿಸಿದೆ. ಒಂದು ಹಾಳೆಗೆ ಒಂದು ರೂಪಾಯಿ. ಹೆಸರು ಬೇಡ, ಅಕ್ಷರ ಬೇಡ. ಒಬ್ಬನೇ ಹೋಗೋಕೆ ಇಷ್ಟ ಇಲ್ಲದ ಜಾಗಕ್ಕೆ ಕೆಂಪು ಚುಕ್ಕೆ ಇಡು, ಅಷ್ಟೇ. ಎಲ್ಲರಿಗೂ ಒಂದೇ ಬಣ್ಣದ ಪೆನ್ನು ಕೊಡಿ, ಇಲ್ಲದಿದ್ದರೆ ಪೆನ್ನು ನೋಡಿ ಗುರುತು ಹಿಡಿಯುತ್ತಾರೆ. ಚುಕ್ಕೆ ಇಟ್ಟ ಹಾಳೆ ಸುಮಾರು 150 ಬಂದವು. ಜಗತ್ತಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮಗುವನ್ನು ಹಿಂದಿನ ಒಂದು ತಿಂಗಳಲ್ಲಿ ಕಾಡಿಸಿದ್ದಾರೆ ಅಂತ ಯುನೆಸ್ಕೋ 2019ರ ವರದಿಯಲ್ಲಿದೆ. ನಮ್ಮಲ್ಲಿ ಹೆದರಿಕೆ ಅದಕ್ಕಿಂತ ಜಾಸ್ತಿ ಮಕ್ಕಳಲ್ಲಿತ್ತು. ಚುಕ್ಕೆ ಹೆಚ್ಚು ಬಿದ್ದ ಜಾಗಗಳು: ಮೂತ್ರಾಲಯದ ಹಿಂದೆ, ತಟ್ಟೆ ತೊಳೆಯುವ ನಲ್ಲಿ, ಸೈಕಲ್ ನಿಲ್ಲಿಸುವ ಜಾಗ. ಇನ್ನೊಂದು ವಿಷಯ ನಾನು ಯೋಚನೆಯೇ ಮಾಡಿರಲಿಲ್ಲ. ಹತ್ತಿಪ್ಪತ್ತು ಮಕ್ಕಳು ಹಾಳೆಯ ಅಂಚಿನಲ್ಲಿ, ಕಾಂಪೌಂಡಿನ ಆಚೆ, ತಾವೇ ಒಂದು ಬಸ್ಸು ಬರೆದು ಅದರ ಹಿಂದಿನ ಸೀಟಿಗೆ ಚುಕ್ಕೆ ಇಟ್ಟಿದ್ದರು.

ನಲ್ಲಿಯ ಸಮಸ್ಯೆ ಪ್ಲಂಬರ್‌ನಿಂದಲೇ ಅರ್ಧ ಮುಗಿಯಿತು. 230 ತಟ್ಟೆಗೆ ಇದ್ದಿದ್ದು ಒಂದೇ ನಲ್ಲಿ. ನೂಕುನುಗ್ಗಲು, ದೊಡ್ಡವರ ತಟ್ಟೆ ಚಿಕ್ಕವರು ತೊಳೆಯಬೇಕು, ಮೊಟ್ಟೆ ಕೊಡುವ ದಿನ ಮೊಟ್ಟೆಯೇ ಕಂದಾಯ. ಪೈಪಿಗೆ 1,100, ಕೂಲಿ 1,800. ನಾಲ್ಕು ನಲ್ಲಿ ಮಾಡಿಸಿದೆವು. ಕ್ಯಾಮೆರಾ ದುಡ್ಡಿನಲ್ಲಿ ಇಂಥ ಎಂಟು ಕೆಲಸ ಆಗುತ್ತಿತ್ತು ನೋಡಿ.

ಇನ್ನು ಮುಖ್ಯವಾದ ವಿಷಯ. ಎರಡು ವಾರ ನಾನು ಸ್ಕೋರ್ ಬರೆಯುವವನ ಹಾಗೆ ಮೆಟ್ಟಿಲ ಮೇಲೆ ಕೂತು ಸ್ಟಾಪ್‌ವಾಚ್ ಹಿಡಿದೆ. ಯಾರನ್ನಾದರೂ ಕಾಡಿಸುವುದು ಶುರುವಾದ ಕೂಡಲೇ ಒತ್ತುವುದು, ನಿಂತಾಗ ನಿಲ್ಲಿಸುವುದು. ನಾಲ್ಕೈದು ಜನ ಸುತ್ತ ನಿಂತು ನಗುತ್ತಿದ್ದರೆ ಬೆಲ್ ಹೊಡೆಯುವವರೆಗೂ ನಡೆಯುತ್ತಿತ್ತು. ಯಾರೋ ಒಬ್ಬ ಬಂದು "ಬಾರೋ, ನಿನ್ನನ್ನ ಮೇಡಂ ಕರೀತಿದಾರೆ" ಅಂತ ಎಳೆದುಕೊಂಡು ಹೋದರೆ ಹತ್ತು ಹದಿನೈದು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಆಮೇಲೆ ಓದಿದೆ, ಕೆನಡಾದ ಸಂಶೋಧಕರು ಶಾಲಾ ಮೈದಾನದಲ್ಲಿ ಚಿತ್ರೀಕರಿಸಿ ನೋಡಿ 2001ರಲ್ಲೇ ಇದನ್ನು ಹೇಳಿದ್ದಾರೆ. ಬೇರೆ ಮಗು ಮಧ್ಯೆ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ 10 ಸೆಕೆಂಡಿನೊಳಗೆ ನಿಂತಿದೆ. ಫಿನ್ಲೆಂಡಿನ ಕೀವಾ ಅನ್ನುವ ಕಾರ್ಯಕ್ರಮ ಕೂಡ ನೋಡುತ್ತಾ ನಿಂತವರ ಮೇಲೇ ಕೆಲಸ ಮಾಡುತ್ತದೆ. ನಾನು ಅದನ್ನು ಓದುವ ಮೊದಲೇ ಜಗಳೂರಿನ ಮಣ್ಣಿನಲ್ಲಿ ಕೂತು ಕಂಡುಕೊಂಡೆ ಅನ್ನುವ ಹೆಮ್ಮೆ ನನಗಿದೆ.

ಅಲ್ಲಿಂದ ನಾನು ಕಾಡಿಸುವವನ ಹಿಂದೆ ಬೀಳುವುದು ಬಿಟ್ಟೆ. ನಗುವವರನ್ನು ಹಿಡಿದೆ.

ಮೊದಲ ತಂಡ ಆರಿಸಿದ್ದು ತಪ್ಪಾಯಿತು. ಮುಂದಿನ ಬೆಂಚಿನ ಒಳ್ಳೇ ಮಕ್ಕಳು ಹತ್ತು ಜನರನ್ನು ತಗೊಂಡೆ. ವಾರದಲ್ಲಿ ಅವರಿಗೆ "ಮೇಷ್ಟ್ರ ಚಮಚಾ" ಅಂತ ಹೆಸರು ಬಿತ್ತು, ಅವರನ್ನೇ ಕಾಡಿಸಲು ಶುರು ಮಾಡಿದರು. ಒಂದು ಮಗು ಅತ್ತುಕೊಂಡು ಬಂದು ಬಿಡ್ತೀನಿ ಅಂತು. ಎರಡನೇ ಸಲ ಕಬಡ್ಡಿ ತಂಡದ ಹುಡುಗರು, ಹಿಂದಿನ ಬೆಂಚಿನ ಗಲಾಟೆ ಹುಡುಗಿಯರು, ಅಂದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಹದಿನಾಲ್ಕು ಜನ. ಕೊಂಡಜ್ಜಿಯ ಸ್ಕೌಟ್ಸ್ ಶಿಬಿರಕ್ಕೆ ಹೋಗಿಬಂದವರಿಗೆ ಪೆಟ್ರೋಲ್ ಪದ್ಧತಿ (ಒಬ್ಬ ನಾಯಕ, ಅವನ ಜೊತೆ ಒಂದು ಚಿಕ್ಕ ಗುಂಪು) ಗೊತ್ತಲ್ಲ, ಅದೇ ಲೆಕ್ಕದಲ್ಲಿ ಎರಡು ಗುಂಪು ಮಾಡಿದೆ. ಕಾಡಿಸುವವನ ಹತ್ತಿರ ಜಗಳಕ್ಕೆ ಹೋಗಬಾರದು ಅಂತ ಕಟ್ಟುನಿಟ್ಟಾಗಿ ಹೇಳಿದೆ. ಕೆಲಸ ಮೂರೇ. ನಗಬಾರದು. ಕಾಡಿಸಿಕೊಳ್ಳುತ್ತಿರುವವನ ಪಕ್ಕಕ್ಕೆ ಹೋಗಿ ನಿಲ್ಲಬೇಕು. ಅವನ ನಿಜವಾದ ಹೆಸರು ಹಿಡಿದು ಕರೆದು ಜೊತೆಗೆ ಕರೆದುಕೊಂಡು ಹೋಗಬೇಕು.

ಉಳಿದ ನಗುವವರನ್ನು ಒಬ್ಬೊಬ್ಬರನ್ನಾಗಿ ಕ್ರೀಡಾ ಸಾಮಗ್ರಿ ರೂಮಿಗೆ ಕರೆಯುತ್ತಿದ್ದೆ. ಐದೇ ನಿಮಿಷ. ಬೈಯುವುದಿಲ್ಲ, ಹೊಡೆಯುವುದಂತೂ ಇಲ್ಲ. ಹೊಡೆಯುವ ಮೇಷ್ಟ್ರಿಗೆ ಈ ಪದ್ಧತಿ ನಡೆಯಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಬೇಡ ಅನ್ನುತ್ತದೆ ಅನ್ನುವುದಕ್ಕಿಂತ, ನಾವು ಬೆತ್ತ ಹಿಡಿದರೆ ಬಲ ಇದ್ದವನು ಹೊಡೀಬಹುದು ಅಂತ ನಾವೇ ಕಲಿಸಿದ ಹಾಗೆ. ಮೊದಲ ಪ್ರಶ್ನೆ: "ನಿನ್ನೆ ನಲ್ಲಿ ಹತ್ರ ಏನಾಯ್ತು?" ಎರಡನೆಯದು: "ಅವನಿಗೆ ಹೆಂಗನ್ಸಿರಬಹುದು?" ಮೂರನೇ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳೂ ಇದನ್ನು ಓದುತ್ತಾರೆ, ಉತ್ತರ ತಯಾರಿ ಮಾಡಿಕೊಂಡು ಬರುತ್ತಾರೆ. ಹದಿನಾಲ್ಕು ಜನರನ್ನು ಹೇಗೆ ಒಪ್ಪಿಸಿದೆ ಅನ್ನುವುದೂ ಎದುರಿಗೆ ಸಿಕ್ಕರೆ ಹೇಳುತ್ತೇನೆ.

ಫಲ ಕೂಡಲೇ ಬರಲಿಲ್ಲ. ಮೊದಲ ಎರಡು ತಿಂಗಳು ಏನೂ ಬದಲಾಗಲಿಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಒಬ್ಬರು "ಮೇಷ್ಟ್ರೇ, ಫಲಿತಾಂಶ ನೋಡ್ರಿ, ಇದನ್ನೆಲ್ಲ ಬಿಡ್ರಿ" ಅಂದರು. ಕಾಡಿಸುವುದು ಕಣ್ಣಿಗೆ ಬಿದ್ದಾಗೆಲ್ಲ ಗುಟ್ಟಾಗಿ ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದೆ. ಮೊದಲ ತಿಂಗಳು 60ರ ಹತ್ತಿರ. ದೀಪಾವಳಿ ಹೊತ್ತಿಗೆ 40. ಅದರ ಮುಂದಿನ ವರ್ಷ 20ರ ಆಸುಪಾಸು. ಈ ಜನವರಿಯಲ್ಲಿ ಎಂಟೋ ಒಂಬತ್ತೋ. ಈ ವರ್ಷ ಶಾಲೆ ಬಿಟ್ಟವರು ಒಬ್ಬಳೇ. ಅವಳ ಮನೆಯವರು ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದರು.

ಕಾಡಿಸುತ್ತಿದ್ದ ಹುಡುಗರ ಬಗ್ಗೆಯೂ ಹೇಳಬೇಕು. ಚಡ್ಡಿ ಎಳೆಯುತ್ತಿದ್ದವನು ನಮ್ಮ ಕಬಡ್ಡಿಯ ಒಳ್ಳೇ ರೈಡರ್. ಸುತ್ತ ನಗುವವರು ಇಲ್ಲದ ಮೇಲೆ ಅವನು ಒಂದು ವಾರ ಒಬ್ಬನೇ ಓಡಾಡಿದ. ಒಂದು ದಿನ ಅವನೇ ರೂಮಿಗೆ ಬಂದು ಕೂತ. ಬೆನ್ನ ಮೇಲೆ ಬೆಲ್ಟಿನ ಬಾಸುಂಡೆ. ಮನೆಯಲ್ಲಿ ಅಪ್ಪ ಕುಡಿದು ಹೊಡೆಯುತ್ತಿದ್ದ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದು ಕೊನೆಗೆ ಅವನಿಗಾಗಿ. ಇಂಥವನು ಯಾರ ಕಣ್ಣಿಗೂ ಬೀಳದೆ ಬೆಳೆದರೆ ಇನ್ನು ಹತ್ತು ವರ್ಷಕ್ಕೆ ಅವನ ಮನೆಯಲ್ಲಿ ಇನ್ನೊಂದು ಮಗುವಿನ ಬೆನ್ನ ಮೇಲೆ ಅದೇ ಗುರುತು ಇರುತ್ತದೆ. ಊರಿನ ಜಗಳ, ಬಸ್‌ಸ್ಟ್ಯಾಂಡಿನ ಪುಂಡಾಟ ಎಲ್ಲ ಇಲ್ಲಿಂದಲೇ ಹೊರಡುತ್ತವೆ ಅಂತ ನನಗೆ ಅನ್ನಿಸುತ್ತದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. "ನನ್ನನ್ನು ಹೀಗೆ ಕರೆಯಿರಿ" ಅಂತ ಪ್ರತಿ ಮಗುವೂ ತನಗೆ ಬೇಕಾದ ಹೆಸರು ಬರೆದು ಕೊಡಬೇಕು. ಅಡ್ಡಹೆಸರೆಲ್ಲ ಹೋಗುತ್ತವೆ ಅಂದುಕೊಂಡಿದ್ದೆ. ಒಬ್ಬ "ಗುಂಡ" ಅಂತಲೇ ಬರೆದಿದ್ದ. ಅಜ್ಜಿ ಹಾಗೆ ಕರೆಯುತ್ತಾಳಂತೆ, ಇಷ್ಟವಂತೆ. "ಕರಿಯ" ಅಂತ ಎಲ್ಲರೂ ಕರೆಯುತ್ತಿದ್ದ, ಕರೆದಾಗೆಲ್ಲ ನಗುತ್ತಿದ್ದ ಹುಡುಗ ತನ್ನ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಬರೆದು ಕೆಳಗೆ ಎರಡು ಗೀಟು ಎಳೆದಿದ್ದ. ಮಗು ನಗುತ್ತಿದೆ ಅಂದರೆ ಅದಕ್ಕೆ ಇಷ್ಟ ಅಂತಲ್ಲ. ಎಂಟನೇ ತರಗತಿಯನ್ನು ಊಟಕ್ಕೆ ಏಳು ನಿಮಿಷ ಮೊದಲು ಬಿಡುವ ಪ್ರಯೋಗವೂ ಚೆನ್ನಾಗಿ ನಡೆಯಿತು. ಆದರೆ ಅಡುಗೆ ಅಮ್ಮಂದಿರಿಗೆ ಎರಡು ಸಲ ಬಡಿಸುವ ಕಷ್ಟ, ನಿಲ್ಲಿಸಿದೆವು.

ಹುಡುಗಿಯರ ವಿಷಯದಲ್ಲಿ ನನ್ನ ಸ್ಟಾಪ್‌ವಾಚ್ ಕೆಲಸಕ್ಕೆ ಬರಲಿಲ್ಲ. ಅಲ್ಲಿ ಕಾಡಿಸುವುದು ಅಂದರೆ ಮಾತು ಬಿಡುವುದು, ಊಟಕ್ಕೆ ಜೊತೆಗೆ ಕೂರಿಸದಿರುವುದು. ಇದಕ್ಕೆ ಗದ್ದಲವೇ ಇಲ್ಲ. ಒಬ್ಬಳ ಫೋಟೋವನ್ನು ವಾಟ್ಸಾಪ್ ಸ್ಟಿಕರ್ ಮಾಡಿ ಹರಡಿದಾಗ ಆ ಮಗು ಮೂರು ದಿನ ಊಟ ಬಿಟ್ಟಿತ್ತು. ಹಿಂದಿ ಮೇಡಂ ಅವಳ ಮನೆಗೆ ಹೋಗಿ ಕೂತು, ಮಾನಸಿಕ ಆರೋಗ್ಯದ ಸಹಾಯವಾಣಿ 14416 ಟೆಲಿ ಮಾನಸ್‌ಗೆ ತಾವೇ ಡಯಲ್ ಮಾಡಿ ಮಾತಾಡಿಸಿದರು. ಈ ಭಾಗದ ಕೆಲಸ ಪೂರ್ತಿ ಅವರದ್ದು, ಅವರೇ ಬರೆಯಬೇಕು.

ಒಟ್ಟು ಖರ್ಚು? ಕ್ಯಾಮೆರಾ ಬಿಟ್ಟು, ಮೂರು ವರ್ಷಕ್ಕೆ ನನ್ನ ಜೇಬಿನಿಂದ ಎಂಟೊಂಬತ್ತು ಸಾವಿರ. ಅದರಲ್ಲಿ ಎರಡು ಸಾವಿರದ ಹತ್ತಿರ ಆ ಹದಿನಾಲ್ಕು ಜನರನ್ನು ದಾವಣಗೆರೆಗೆ ಕರೆದುಕೊಂಡು ಹೋಗಿ ಬೆಣ್ಣೆದೋಸೆ ಕೊಡಿಸಿದ್ದಕ್ಕೆ. ಅದು ಸಾರ್ಥಕ ಆದ ದುಡ್ಡು. ಬರುವಾಗ ಬಸ್ಸಿನಲ್ಲಿ ಅವರೇ ಹಿಂದಿನ ಸೀಟಿನ ಮಾತು ತೆಗೆದರು. ಬೆಳಗ್ಗೆ ಬಸ್ಸಿನಲ್ಲಿ ಚಿಕ್ಕವರನ್ನು ಮುಂದೆ ಕೂರಿಸಿ ತಾವು ಹಿಂದೆ ಕೂರುತ್ತೇವೆ ಅಂದರು. ಕಂಡಕ್ಟರ್ ಅಣ್ಣನೂ ಒಪ್ಪಿದರು. ಬೆಳಗಿನ ಬಸ್ಸು ಈಗ ಸರಿ ಇದೆ.

ಸಂಜೆ ಬಸ್ಸು ಇನ್ನೂ ಸರಿಯಾಗಿಲ್ಲ. ಕಂಡಕ್ಟರ್ ದಿನಾ ಬದಲಾಗುತ್ತಾರೆ, ಕಾಲೇಜು ಹುಡುಗರೂ ಅದೇ ಬಸ್ಸಿಗೆ ಹತ್ತುತ್ತಾರೆ. ಅವರು ನನ್ನ ಮಾತು ಕೇಳುವವರಲ್ಲ. ಈ ಜೂನ್‌ನಿಂದ ವಾರಕ್ಕೆರಡು ದಿನ ನಾನೇ ಆ ಬಸ್ಸಿನಲ್ಲಿ ಕೊನೇ ಸ್ಟಾಪಿನವರೆಗೆ ಹೋಗಿ ಬರಬೇಕು ಅಂತಿದ್ದೇನೆ. ನಿಮ್ಮಲ್ಲಿ ಯಾರಾದರೂ ಬಸ್ಸಿನ ಗಲಾಟೆ ನಿಲ್ಲಿಸಿದ್ದರೆ ಹೇಗೆ ಅಂತ ಹೇಳಿ. ಮೂರನೇ ಪ್ರಶ್ನೆ ಏನು ಅಂತ ನಾನು ಹೇಳುತ್ತೇನೆ.