ಮನೆ ಕಂದಾಯ: ದರಕ್ಕಿಂತ ಮೊದಲು ಪಟ್ಟಿ ನೋಡಿ

ಗ್ರಾಮಸಭೆಯಲ್ಲಿ ಕಂದಾಯದ ಮಾತು ಬಂದರೆ ಸಾಕು, ‘ಜಾಸ್ತಿ ಮಾಡಬೇಡಿ’ ಎಂದು ಒಬ್ಬರು, ‘ದುಡ್ಡಿಲ್ಲದೆ ಚರಂಡಿ ತೆಗೆಸೋದು ಹೇಗೆ’ ಎಂದು ಇನ್ನೊಬ್ಬರು. ಕೊಡಗಿನ ಮಳೆ ಕಂಡವರಿಗೆ ಎರಡನೆಯ ಮಾತೂ ಸುಳ್ಳಲ್ಲ ಎಂದು ಗೊತ್ತು.

ಮೊದಲು ಪಂಚಾಯಿತಿಯಿಂದ ನಿಮ್ಮ ಮನೆಯ ನಮೂನೆ 9 ಮತ್ತು 11 ತೆಗೆಸಿ. ಮೊದಲನೆಯದರಲ್ಲಿ ಆಸ್ತಿಯ ವಿವರ, ಎರಡನೆಯದರಲ್ಲಿ ಬೇಡಿಕೆ (ಅಂದರೆ ಕಟ್ಟಬೇಕಾದ ತೆರಿಗೆ), ವಸೂಲಿ, ಬಾಕಿ. ಟೇಪ್ ಹಿಡಿದು ಅಳತೆ ತಾಳೆ ನೋಡಿ. ತಪ್ಪಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಈ ತೆರಿಗೆ ಕಟ್ಟಡಕ್ಕೆ ಮತ್ತು ಕೃಷಿಯೇತರ ಜಾಗಕ್ಕೆ. ಕಾಫಿ ತೋಟಕ್ಕಲ್ಲ, ತೋಟದೊಳಗಿನ ಹೋಮ್‌ಸ್ಟೇ ಕಟ್ಟಡದ ಮಾತು ಬೇರೆ.

ಆಮೇಲೆ ಪಂಚಾಯಿತಿಯಲ್ಲಿ ಕೇಳಿ: ವ್ಯಾಪಾರಕ್ಕೆ ಬಳಸುವ ಕಟ್ಟಡಗಳು ಎಷ್ಟು, ಅದರಲ್ಲಿ ‘ವಾಸದ ಮನೆ’ ಎಂದೇ ಬರೆದಿರುವುದು ಎಷ್ಟು? ಸುಮ್ನೆ ಒಂದು ಲೆಕ್ಕ ಹಾಕೋಣ. ಸಾವಿರ ಮನೆ, ತಲಾ 600 ರೂಪಾಯಿ. ದರ ಶೇ 10 ಏರಿಸಿದರೆ ಸಿಗುವುದು 60,000. ಅದರ ಬದಲು, ಮನೆ ದರದಲ್ಲೇ ಉಳಿದ 40 ಹೋಮ್‌ಸ್ಟೇಗಳಿಂದ ತಲಾ 1,500 ಹೆಚ್ಚು ಬಂದರೂ ಅಷ್ಟೇ 60,000. ಕೂಲಿಯವನ ಮನೆಗೆ ಕೈ ಹಾಕಬೇಕಿಲ್ಲ, ಅಲ್ವಾ?

ಹಾಗಂತ ಬರೀ ಚದರ ಅಡಿ ನೋಡಿದರೂ ಅನ್ಯಾಯವೇ. ಕೊಡವ ಕುಟುಂಬಗಳ ಪೂರ್ವಿಕರ ಮನೆಯಾದ ಐನ್‌ಮನೆಯನ್ನೇ ತೆಗೆದುಕೊಳ್ಳಿ. ಅಗಲವಾದ ಜಗಲಿ, ದಪ್ಪ ಕಂಬ, ದೊಡ್ಡ ನಡುಮನೆ. ಒಕ್ಕದವರೆಲ್ಲ, ಅಂದರೆ ಇಡೀ ಕುಲದವರು, ಸೇರುವುದು ಪುತ್ತರಿ ಹಬ್ಬಕ್ಕೋ ಕೈಲ್ಪೊಳ್ದು ಹಬ್ಬಕ್ಕೋ. ಅಲ್ಲಿಂದ ಬರುವ ಆದಾಯ ಸೊನ್ನೆ, ಹೆಂಚು ಹೊದಿಸುವ ಖರ್ಚು ಮಾತ್ರ ಪ್ರತಿ ವರ್ಷ. ಮೂರು ಕೋಣೆಯ ಹೋಮ್‌ಸ್ಟೇಗಿಂತ ಇದಕ್ಕೆ ಹೆಚ್ಚು ತೆರಿಗೆ ಬಿದ್ದರೆ ಯಾರೂ ಒಪ್ಪುವುದಿಲ್ಲ. ಆದ್ದರಿಂದ ಬಳಕೆ ನೋಡಿ ವರ್ಗ ಮಾಡಿ ಎಂದು ಕೇಳಿ. ಅದೇ ಐನ್‌ಮನೆಯಲ್ಲಿ ಅತಿಥಿಗಳಿಗೆ ಕೋಣೆ ಬಾಡಿಗೆಗೆ ಕೊಟ್ಟರೆ? ಕೊಟ್ಟ ಭಾಗಕ್ಕೆ ವ್ಯಾಪಾರದ ದರ ಇರಲಿ ಎನ್ನುವುದು ನನ್ನ ಲೆಕ್ಕ.

ಮಡಿಕೇರಿ ನಗರಸಭೆಯವರಿಗೆ ದಾರಿ ಬೇರೆ. ಅಲ್ಲಿ ನೀವೇ ತೆರಿಗೆ ಲೆಕ್ಕ ಹಾಕಿ ಸಲ್ಲಿಸುವ ಪದ್ಧತಿ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ.

ಕೊನೆಗೆ ಬಾಕಿ ಪಟ್ಟಿ. ದೊಡ್ಡ ಬಾಕಿದಾರರಿಂದ ವಸೂಲಿ ಶುರುವಾಗಲಿ, ಬಂದ ದುಡ್ಡಿನಲ್ಲಿ ಯಾವ ರಸ್ತೆಯ ಚರಂಡಿ ಎಂದು ಮುಂಚೆಯೇ ಹೇಳಲಿ ಎಂದು ಪಟ್ಟು ಹಿಡಿಯಿರಿ. ಬಾಯಿಮಾತಿನ ಒಪ್ಪಿಗೆ ಸಾಲದು. ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಎದ್ದು ಬನ್ನಿ.